ಕೀಲೆಣ್ಣೆಯಿಂದ ಇಂಜಿನ್ ಆಯಿಲ್‌ವರೆಗೆ

ಜತ್ತ ತಾಲೂಕಿನ ಹಳೆಯ ಬಾವಿಗಳ ದಂಡೆಯಲ್ಲಿ ಕೆಲವೆಡೆ ಒಂದು ಸಿಮೆಂಟಿನ ಕಟ್ಟೆ, ಅದರಲ್ಲಿ ತುಕ್ಕು ಹಿಡಿದ ನಾಲ್ಕು ಬೋಲ್ಟು ಇಂದಿಗೂ ಉಳಿದಿವೆ. ಇದೇನೆಂದು ಮಕ್ಕಳು ಕೇಳುತ್ತಾರೆ. ಆಯಿಲ್ ಇಂಜಿನ್ ಕೂತಿದ್ದ ಜಾಗವದು. ಜತ್ತದ ಇತಿಹಾಸವೆಂದರೆ ಡಫಳೆಯವರ ಸಂಸ್ಥಾನ, 1948ರ ವಿಲೀನ, ಗಡಿ ಪ್ರಶ್ನೆ ಎಂದು ನಾವು ಪಾಠ ಹೇಳುತ್ತೇವೆ. ಈ ಕಟ್ಟೆಯ ಮೇಲೆ ನಡೆದ ಇತಿಹಾಸವನ್ನು ಹೇಳುವುದಿಲ್ಲ.

ಇಂಜಿನ್ನಿಗಿಂತ ಮೊದಲು ಎತ್ತು ಕಟ್ಟಿ ಕಪಿಲೆಯಿಂದ ನೀರು ಎತ್ತುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಮೋಟ್ ಎನ್ನುತ್ತಾರೆ. ಅದರ ಗಾಲಿಗೂ ಬಂಡಿಯ ಅಚ್ಚಿಗೂ ಎಣ್ಣೆ ಬೇಕು. ಕೀಲೆಣ್ಣೆ ಎಂಬ ಚೊಕ್ಕ ಕನ್ನಡ ಪದ ಹುಟ್ಟಿದ್ದೇ ಅದಕ್ಕಾಗಿ. ಔಡಲೆಣ್ಣೆಯೂ ಈ ಕೆಲಸಕ್ಕೆ ಒದಗುತ್ತಿತ್ತು. ಇಂಗ್ಲೆಂಡಿನಲ್ಲಿ 1909ರಲ್ಲಿ ಹೊರಬಂದ ಕ್ಯಾಸ್ಟ್ರಾಲ್ ಎಂಬ ಆಯಿಲ್‌ಗೆ ಆ ಹೆಸರು ಬಂದದ್ದು ಅದರಲ್ಲಿ ಬೆರೆಸಿದ್ದ ಔಡಲೆಣ್ಣೆಯಿಂದಲೇ. ಅಂದರೆ ನಮ್ಮ ಅಜ್ಜಂದಿರ ಎಣ್ಣೆಯೇ ಡಬ್ಬಿಯಲ್ಲಿ ಕೂತು ಬಂದಿತೆನ್ನಿ!

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ. ಈ ಜಾತಿಯ ಇಂಜಿನ್ನು ನಮ್ಮ ಬಾವಿಯವರೆಗೆ ಬಂದ ದಾರಿಯಲ್ಲಿ ಒಬ್ಬ ಮಾಸ್ತರರಿದ್ದಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬೈಯ ತಾಂತ್ರಿಕ ಸಂಸ್ಥೆಯಲ್ಲಿ ಕಲಿಸುತ್ತಿದ್ದರು. ಅದನ್ನು ಬಿಟ್ಟು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆಂದು ರೈತರು ಮೊದಲು ಅಂಜಿದರು. ಔಂಧದ ರಾಜರು ಜಾಗ ಕೊಟ್ಟ ಮೇಲೆ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದು ಇಂದು ನಮ್ಮದೇ ಸಾಂಗಲಿ ಜಿಲ್ಲೆಯಲ್ಲಿದೆ. ಅವರ ಮನೆತನದವರು ಡೀಸೆಲ್ ಇಂಜಿನ್ನಿಗಾಗಿಯೇ ಪುಣೆಯಲ್ಲಿ ಕಂಪನಿ ತೆರೆದದ್ದು 1946ರಲ್ಲಿ. ಅತ್ತ ಗುಜರಾತಿನ ರಾಜಕೋಟದಲ್ಲಿ ಇಂಗ್ಲೆಂಡಿನ ಲಿಸ್ಟರ್ ಮಾದರಿಯ, ನಿಧಾನವಾಗಿ ತಿರುಗುವ ಇಂಜಿನ್ನುಗಳೂ ತಯಾರಾದವು.

ಇಂಜಿನ್ನೇನೋ ಬಂತು. ಮಿಸ್ತ್ರಿ ಇದ್ದದ್ದು ಪೇಟೆಯಲ್ಲಿ. ಹೀಗಾಗಿ ಆಯಿಲ್ ಬದಲಿಸುವುದನ್ನು ರೈತ ತಾನೇ ಕಲಿತ. ಆ ಕ್ರಮವನ್ನು ನೋಡಿರಿ. ಮೊದಲು ಇಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿ ಬಿಸಿ ಮಾಡಿ ನಿಲ್ಲಿಸಬೇಕು. ಬಿಸಿಯಾದ ಆಯಿಲ್ ತೆಳುವಾಗಿ, ಹೊಲಸನ್ನೆಲ್ಲ ಹೊತ್ತುಕೊಂಡು ಇಳಿಯುತ್ತದೆ. ತಣ್ಣಗಿದ್ದಾಗ ಬಿಚ್ಚಿದರೆ ಅರ್ಧ ಹೊಲಸು ತಳದಲ್ಲೇ ಉಳಿಯುತ್ತದೆ. ಪಾನಾದಿಂದ ಕೆಳಗಿನ ಬೋಲ್ಟು ಸಡಿಲಿಸಿ, ಕೈ ಸುಡದಂತೆ ಡಬ್ಬಿ ಹಿಡಿದು, ಕೊನೆಯ ಹನಿಯವರೆಗೆ ಕಾಯಬೇಕು. ಒಳಗೆ ಒರೆಸಲು ಎಳೆ ಬಿಡುವ ಅರಿವೆ ಬೇಡ. ಆ ಎಳೆ ಆಯಿಲ್ ಹೋಗುವ ದಾರಿಯಲ್ಲಿ ಸಿಕ್ಕಿಕೊಂಡರೆ ಇಂಜಿನ್ನೇ ಹಿಡಿದುಬಿಡುತ್ತದೆ. ಫಿಲ್ಟರ್ ಇದ್ದರೆ ಅದನ್ನೂ ಬದಲಿಸಿ, ವಾಷರ್ ನೋಡಿ ಬೋಲ್ಟು ಬಿಗಿದು, ಹೊಸ ಆಯಿಲನ್ನು ಕಡ್ಡಿಯ ಮೇಲಿನ ಗೆರೆಯವರೆಗೆ ಹಾಕಬೇಕು. ಹೆಚ್ಚು ಹಾಕಿದರೆ ಹೊಗೆ. ಸ್ವಲ್ಪ ನಡೆಸಿ, ನಿಲ್ಲಿಸಿ, ಮತ್ತೊಮ್ಮೆ ಕಡ್ಡಿ ನೋಡಬೇಕು. ಹೊಸ ಆಯಿಲ್ ಬೇಗನೆ ಕಪ್ಪಾಯಿತೆಂದು ಗಾಬರಿ ಬೇಡ. ಡೀಸೆಲ್ ಉರಿದ ಮಸಿಯನ್ನು ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ.

ಯಾವಾಗ ಬದಲಿಸಬೇಕು? ಮಾದರಿಯನ್ನು ನೋಡಿ ಕಂಪನಿಯವರು ಇಷ್ಟು ತಾಸು ಎಂದು ಹೇಳಿರುತ್ತಾರೆ. ಆದರೆ ಇಂಜಿನ್ನಿಗೆ ತಾಸು ಎಣಿಸುವ ಮೀಟರ್ ಇರುತ್ತಿರಲಿಲ್ಲ. ಐದು ಎಚ್.ಪಿ. ಇಂಜಿನ್ನು ಪೂರ್ಣ ಭಾರದಲ್ಲಿ ತಾಸಿಗೆ ಸುಮಾರು 1 ಲೀಟರ್ ಡೀಸೆಲ್ ಕುಡಿಯುತ್ತದೆ. 20 ಲೀಟರಿನ ಕ್ಯಾನು ಮುಗಿದರೆ ಹೆಚ್ಚುಕಡಿಮೆ 20 ತಾಸು. 250 ತಾಸಿಗೆ ಎಷ್ಟು ಕ್ಯಾನು? ಐದನೆಯ ತರಗತಿಯ ಭಾಗಾಕಾರಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನಮಗೆ ಸಿಕ್ಕಿಲ್ಲ.

ಈ ವಿದ್ಯೆಯಲ್ಲಿ ಒಂದು ಕೊರತೆ ಇತ್ತು. ತೆಗೆದ ಕರಿ ಆಯಿಲನ್ನು ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ. ಒಂದಿಷ್ಟು ಬಂಡಿಯ ಗಾಲಿಗೆ, ಒಂದಿಷ್ಟು ಗೆದ್ದಲು ಹತ್ತದಂತೆ ಕಟ್ಟಿಗೆಗೆ. ಉಳಿದದ್ದು ಅಲ್ಲೇ ಬಾವಿಯ ದಂಡೆಗೆ. ಕೆಲವು ಕಟ್ಟೆಗಳ ಸುತ್ತ ಮಣ್ಣು ಕಪ್ಪಾಗಿರುವುದನ್ನು ನಾವೇ ಕಂಡಿದ್ದೇವೆ. 1972ರ ಬರದಂಥ ಬರ ಕಂಡ ಸೀಮೆ ನಮ್ಮದು. ಇಲ್ಲಿ ಕೊಡ ನೀರಿಗೂ ಬೆಲೆಯಿದೆ. ಸ್ವಲ್ಪವೇ ಆಯಿಲ್ ಸಾಕು, ಬಾವಿಯ ನೀರೆಲ್ಲ ವಾಸನೆ ಹಿಡಿದು ಕುಡಿಯಲು ಬಾರದಂತಾಗುತ್ತದೆ. ಬಳಸಿದ ಆಯಿಲನ್ನು ಸರಕಾರದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸುತ್ತವೆ. ಶೋಧಿಸಿ ಮರುಬಳಕೆ ಮಾಡುವವರಿಗೆ ಅದು ಸೇರಬೇಕು.

ಕರೆಂಟಿನ ಮೋಟರು ಬಂದ ಮೇಲೆ ಬಾವಿಯ ಇಂಜಿನ್ನುಗಳು ಕಡಿಮೆಯಾದವು. ಮ್ಹೈಸಾಳ ಯೋಜನೆಯಿಂದ ಕೃಷ್ಣೆಯ ನೀರು ತಾಲೂಕಿನ ಕೆಲವು ಭಾಗಕ್ಕೆ ಬಂದಿದೆ. ಈಗ ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿದೆ. ಅದೂ ಡೀಸೆಲ್ಲೇ, ಆಯಿಲ್ ಬದಲಿಸುವ ಕ್ರಮವೂ ಹೆಚ್ಚುಕಡಿಮೆ ಅದೇ. ಈ ಸಲ ನಮ್ಮ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟಿದ್ದೇವೆ: ಅಜ್ಜನನ್ನು ಕೇಳಿ ಆಯಿಲ್ ಬದಲಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುವುದು, ಹಳೆಯ ಆಯಿಲ್ ಎಲ್ಲಿಗೆ ಹೋಯಿತು ಎಂಬುದನ್ನೂ ಸೇರಿಸಿ.