ನೀಸ್ ನಗರದ ಬಾಡಿಗೆ ಬಿಸಿಲು

ಮೆಡಿಟರೇನಿಯನ್ ತೀರದಲ್ಲಿ ರಜೆಗೆಂದು ಮನೆ ಬಾಡಿಗೆಗೆ ಹಿಡಿಯುವವರು ಇಂದು ಹೆಚ್ಚಾಗಿ ಬೇಸಿಗೆಯನ್ನೇ ಆಯ್ದುಕೊಳ್ಳುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಈ ಲೆಕ್ಕ ತಿರುವುಮುರುವಾಗಿತ್ತು. ಇಂಗ್ಲಿಷರು ನೀಸ್ ನಗರಕ್ಕೆ ಬರುತ್ತಿದ್ದುದು ಚಳಿಗಾಲ ಕಳೆಯಲು. ಅವರಲ್ಲಿ ಹಲವರು ಶ್ವಾಸಕೋಶದ ರೋಗಿಗಳು. ವೈದ್ಯನೂ ಕಾದಂಬರಿಕಾರನೂ ಆಗಿದ್ದ ಟೋಬಿಯಾಸ್ ಸ್ಮಾಲೆಟ್ 1763ರಲ್ಲಿ ಒಬ್ಬಳೇ ಮಗಳನ್ನು ಕಳೆದುಕೊಂಡು, ಅದೇ ವರ್ಷದ ಕೊನೆಗೆ ಇಲ್ಲಿಗೆ ಬಂದ. ಮನೆಯ ಬಾಡಿಗೆ, ಮಾರುಕಟ್ಟೆಯ ಬೆಲೆ, ದಿನದಿನದ ಹವೆ ಎಲ್ಲವನ್ನೂ ಬರೆದಿಟ್ಟ. 1766ರಲ್ಲಿ ಅಚ್ಚಾದ ಅವನ ಪ್ರವಾಸಕಥನ ನೀಸ್‌ನ ಹೆಸರನ್ನು ಇಂಗ್ಲೆಂಡಿನಲ್ಲಿ ಹರಡಿತು.

ಬಾಡಿಗೆಗೆ ಬಂದವರ ಹಣ ಊರಿನ ನಕ್ಷೆಯನ್ನೂ ಬದಲಿಸಿತು. 1820ರ ದಶಕದ ಆರಂಭದಲ್ಲಿ ಕಡುಚಳಿಗೆ ಕಿತ್ತಳೆ ತೋಟಗಳು ಹಾಳಾಗಿ ಕೂಲಿಗಳು ಬೀದಿಗೆ ಬಿದ್ದಾಗ, ಪಾದ್ರಿ ಲೂಯಿಸ್ ವೇ ಚಂದಾ ಎತ್ತಿ ಅವರಿಂದ ಕಡಲಂಚಿನಲ್ಲಿ ಕಾಲುದಾರಿ ಮಾಡಿಸಿದ. ಅದೇ ಇಂದಿನ ಪ್ರೊಮೆನಾಡ್ ದೆಸ್ ಆಂಗ್ಲೆ, ಅಂದರೆ ಇಂಗ್ಲಿಷರ ವಿಹಾರಪಥ.

1860ರಲ್ಲಿ ನೀಸ್ ಫ್ರಾನ್ಸಿಗೆ ಸೇರಿತು. 1864ರಲ್ಲಿ ರೈಲು ಬಂತು. 1936ರ ಕಾನೂನು ಕೊಟ್ಟ ಎರಡು ವಾರಗಳ ಸಂಬಳಸಹಿತ ರಜೆ ಫ್ರೆಂಚ್ ಕಾರ್ಮಿಕರಿಗೂ ಕಡಲನ್ನು ತೆರೆಯಿತು. ಆದರೂ 2021ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಚಳಿಗಾಲದ ವಿಹಾರನಗರವೆಂದೇ. ಹಣ ಕೊಟ್ಟ ಅತಿಥಿಗಳ ಹೆಸರು ದಾರಿಗೆ ಅಂಟಿಕೊಂಡಿದೆ. ಹಸಿದ ಹೊಟ್ಟೆಯಲ್ಲಿ ಅದನ್ನು ಕಟ್ಟಿದವರದು ಅಲ್ಲಿಲ್ಲ.