ಲಾಲಾಗ್ರಂಥಿಯ ನಿರಪಾಯ ಗಡ್ಡೆಗಳಲ್ಲಿ ದ್ರವಚೀಲ

ಜೊಲ್ಲು ಸುರಿಸುವ ಗ್ರಂಥಿಗಳಲ್ಲಿ ಹುಟ್ಟುವ, ಕ್ಯಾನ್ಸರ್ ಅಲ್ಲದ ಗಡ್ಡೆಯೊಳಗೆ ದ್ರವ ತುಂಬಿದ ಪೊಳ್ಳು (ಸಿಸ್ಟ್) ಮೂಡುವ ಸ್ಥಿತಿ. ಇಂಥ ಗಡ್ಡೆಗಳು ಹೆಚ್ಚಾಗಿ ಕಿವಿಯ ಮುಂದೆ ಮತ್ತು ಕೆಳಗಿರುವ ಪೆರೋಟಿಡ್ ಗ್ರಂಥಿಯಲ್ಲಿ ಕಾಣುತ್ತವೆ. ನಿಧಾನವಾಗಿ, ಸಾಮಾನ್ಯವಾಗಿ ನೋವಿಲ್ಲದೆ ಬೆಳೆಯುತ್ತವೆ.

ದ್ರವಚೀಲಕ್ಕೆ ಹೆಸರಾದದ್ದು ವಾರ್ತಿನ್ ಗಡ್ಡೆ. ಅಮೆರಿಕದ ರೋಗಶಾಸ್ತ್ರಜ್ಞ ಆಲ್‌ಡ್ರೆಡ್ ವಾರ್ತಿನ್ 1929ರಲ್ಲಿ ಇದನ್ನು ವರ್ಣಿಸಿದ. ಎರಡು ಸಾಲಿನ ಕೋಶಗಳ ಹೊದಿಕೆ, ಅದರಡಿ ದಟ್ಟ ಲಿಂಫಾಯ್ಡ್ ಅಂಗಾಂಶ, ನಡುವೆ ಕಂದು ಬಣ್ಣದ ಮಂದ ದ್ರವ ಇದರ ಲಕ್ಷಣ. ಧೂಮಪಾನಿಗಳಲ್ಲಿ ಹೆಚ್ಚು, ಕೆಲವರಲ್ಲಿ ಎರಡೂ ಬದಿಗೆ ಬರುತ್ತದೆ. ಅತಿ ಸಾಮಾನ್ಯ ಗಡ್ಡೆಯಾದ ಪ್ಲಿಯೋಮಾರ್ಫಿಕ್ ಅಡೆನೋಮಾ ಬಹುತೇಕ ಗಟ್ಟಿಯಾದದ್ದು. ರಕ್ತಪೂರೈಕೆ ಕುಂದಿ ಒಳಭಾಗ ಕೊಳೆತಾಗ, ರಕ್ತ ಒಸರಿದಾಗ ಅಥವಾ ಲೋಳೆ ಶೇಖರವಾದಾಗ ಅದರಲ್ಲೂ ಪೊಳ್ಳಾಗಬಹುದು.

ನಿಜವಾದ ತೊಡಕು ರೋಗನಿರ್ಣಯದಲ್ಲಿದೆ. ಸೂಜಿ ಪರೀಕ್ಷೆಯಲ್ಲಿ (ಎಫ್‌ಎನ್‌ಎಸಿ) ಬರೀ ದ್ರವ ಬಂದರೆ ನಿರ್ಣಯಕ್ಕೆ ಬೇಕಾದ ಕೋಶಗಳು ಸಿಗುವುದಿಲ್ಲ. ಕಡಿಮೆ ದರ್ಜೆಯ ಮ್ಯೂಕೋಎಪಿಡರ್ಮಾಯ್ಡ್ ಕ್ಯಾನ್ಸರ್ ಕೂಡ ಹೀಗೆಯೇ ದ್ರವ ತುಂಬಿಕೊಂಡು ಮೋಸಮಾಡುತ್ತದೆ. ಆದ್ದರಿಂದ ಅಲ್ಟ್ರಾಸೌಂಡ್ ನೋಡಿಕೊಂಡು ಗಟ್ಟಿ ಭಾಗದಿಂದಲೇ ಮಾದರಿ ತೆಗೆಯಬೇಕು. ದ್ರವ ಹೀರಿ ಗಂಟು ಕುಗ್ಗಿದ ಮಾತ್ರಕ್ಕೆ ಗುಣವಾಯಿತೆಂದು ತಿಳಿಯುವುದು ಅಪಾಯಕಾರಿ. ಪ್ಲಿಯೋಮಾರ್ಫಿಕ್ ಅಡೆನೋಮಾ ವರ್ಷಗಳು ಕಳೆದಂತೆ ಕ್ಯಾನ್ಸರಾಗಿ ಮಾರ್ಪಡುವ ಸಾಧ್ಯತೆಯಿದ್ದು, ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಮುಖದ ನರವನ್ನು ಉಳಿಸಿಕೊಂಡು, ಹೊರಕವಚ ಒಡೆಯದಂತೆ ಗಡ್ಡೆ ತೆಗೆಯುತ್ತಾರೆ.

ಇಂಥ ಪರೀಕ್ಷೆ, ಚಿಕಿತ್ಸೆಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೋಗಿಗಳಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳು ಜಿಲ್ಲಾಕೇಂದ್ರ ಕಲಬುರಗಿಯಲ್ಲಿವೆ. ಜಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಅಲ್ಲಿವೆ. ಕಿವಿಯ ಕೆಳಗಿನ ಗಂಟು ಕೆಲವು ವಾರಗಳಲ್ಲಿ ಕರಗದಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ತೋರಿಸಬೇಕು.