ಗಾಯಗೊಂಡ ಹಾವಿನ ಪುನರ್ವಸತಿ: ಶಿಂಷಾ ಬಯಲನ್ನು ಕುರಿತ ಒಂದು ವಿವೇಚನೆ

ಮದ್ದೂರು ತಾಲ್ಲೂಕಿನ ವೈದ್ಯನಾಥಪುರ ಶಿಂಷಾ ನದಿಯ ದಡದ ಊರು. ನದಿ ಬಯಲು, ನಾಲೆ ನೀರು, ಕಬ್ಬು, ಭತ್ತ ಇರುವ ಈ ಸೀಮೆಯಲ್ಲಿ ಇಲಿಗೆ ಬರವಿಲ್ಲ. ಇಲಿಯಿರುವಲ್ಲಿ ನಾಗರ, ಕೊಳಕುಮಂಡಲ, ಕೇರೆ ಇದ್ದೇ ಇರುತ್ತವೆ. ಕಬ್ಬು ಕಡಿಯುವ ಮಚ್ಚು, ಟಿಲ್ಲರಿನ ಅಲಗು, ಬೇಲಿಗೆ ಕಟ್ಟಿದ ನೈಲಾನ್ ಬಲೆ, ರಸ್ತೆಯ ವಾಹನ ಇವೆಲ್ಲ ಹಾವಿಗೆ ಗಾಯ ಮಾಡಬಲ್ಲವು. ಅಂಥ ಹಾವನ್ನು ಹಿಡಿದು, ಮದ್ದು ಹಾಕಿ, ದೂರದ ಕಾಡಿಗೆ ಬಿಟ್ಟರೆ ರಕ್ಷಣೆ ಮುಗಿಯಿತೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಈ ತಿಳಿವಳಿಕೆ ಸರಿಯಲ್ಲವೆಂಬುದು ಪ್ರಸ್ತುತ ಲೇಖನದ ವಾದ. ಗಾಯ ಮಾಗಿದ ಹಾವು ತಾನು ಬದುಕಿದ್ದ ನೆಲೆಗೇ ಮರಳಿದರೆ ಮಾತ್ರ ಅದು ಪುನರ್ವಸತಿ. ಆದ್ದರಿಂದ ಚಿಕಿತ್ಸೆಯ ಏರ್ಪಾಡೂ ಆ ನೆಲೆಗೆ ಹತ್ತಿರದಲ್ಲೇ ಇರಬೇಕು.

ಹಾವಿನ ದೇಹಧರ್ಮವೇ ಈ ವಾದಕ್ಕೆ ಮೊದಲ ಆಧಾರ. ಶೀತರಕ್ತ ಪ್ರಾಣಿಯಾದ ಹಾವಿನ ಗಾಯ ಮಾಗುವ ವೇಗ ಸುತ್ತಲಿನ ಶಾಖವನ್ನು ಅವಲಂಬಿಸಿದೆ. ತಣ್ಣಗಿನ ಪೆಟ್ಟಿಗೆಯಲ್ಲಿಟ್ಟರೆ ಔಷಧವೂ ಸರಿಯಾಗಿ ಕೆಲಸ ಮಾಡದು. ವಿಷದ ಹಾವಿನ ತಲೆಯನ್ನು ಪಾರದರ್ಶಕ ಕೊಳವೆಯೊಳಕ್ಕೆ ಹೋಗಲು ಬಿಟ್ಟು, ಹೊರಗುಳಿದ ಮೈಯನ್ನು ಪರೀಕ್ಷಿಸುವುದು ವಾಡಿಕೆ. ಮೂತ್ರಪಿಂಡದ ರಕ್ತಸಂಚಾರದ ವೈಶಿಷ್ಟ್ಯದಿಂದಾಗಿ ಚುಚ್ಚುಮದ್ದನ್ನು ದೇಹದ ಮುಂಭಾಗಕ್ಕೆ ಕೊಡುತ್ತಾರೆ. ಸೆಫ್ಟಾಜಿಡೈಮ್‌ನಂಥ ಪ್ರತಿಜೀವಕವನ್ನು ಸಾಮಾನ್ಯವಾಗಿ 72 ಗಂಟೆಗೊಮ್ಮೆ ಕೊಟ್ಟರೆ ಸಾಕು. ಹಾಕಿದ ಹೊಲಿಗೆ ವಾರಗಟ್ಟಲೆ ಉಳಿಯಬೇಕು; ಎಷ್ಟೋ ಸಲ ಹಾವು ಪೊರೆ ಬಿಟ್ಟ ಮೇಲೆಯೇ ಅದನ್ನು ತೆಗೆಯುತ್ತಾರೆ. ಅಂದರೆ ಇಲ್ಲಿ ಬೇಕಿರುವುದು ತಾಳ್ಮೆ, ಬೆಚ್ಚಗಿನ ಜಾಗ, ಎಕ್ಸ್-ರೇ ಮತ್ತು ತರಬೇತಿ ಪಡೆದ ಪಶುವೈದ್ಯರು. ಭಕ್ತಿಯಿಂದ ಕುಡಿಸುವ ಹಾಲು ಹಾವಿನ ಆಹಾರವೇ ಅಲ್ಲ.

ಎರಡನೆಯ ಆಧಾರ ಸ್ಥಳಾಂತರದ ಅಧ್ಯಯನಗಳದು. ಆಗುಂಬೆಯ ಮಳೆಕಾಡಿನಲ್ಲಿ ರೇಡಿಯೊ ಸಾಧನ ಅಳವಡಿಸಿ ಕಾಳಿಂಗಗಳನ್ನು ಹಿಂಬಾಲಿಸಿದ, 2013ರಲ್ಲಿ ಪ್ರಕಟವಾದ ಪ್ರಾಥಮಿಕ ಅಧ್ಯಯನದಲ್ಲಿ, ಬೇರೆಡೆ ಬಿಟ್ಟ ಹಾವು ನೆಲೆನಿಲ್ಲದೆ ಬಹುದೂರ ಅಲೆಯಿತು. ಅಮೆರಿಕದ ಟಿಂಬರ್ ರ‍್ಯಾಟಲ್‌ಸ್ನೇಕ್ ಕುರಿತ 1999ರ ಅಧ್ಯಯನದಲ್ಲಿ ಸ್ಥಳಾಂತರಗೊಂಡವುಗಳಲ್ಲಿ ಶೇ. 54.5 ಸತ್ತರೆ, ಸ್ವಂತ ನೆಲೆಯಲ್ಲಿದ್ದವುಗಳಲ್ಲಿ ಸತ್ತದ್ದು ಶೇ. 11.1 ಮಾತ್ರ. ಪ್ರಭೇದ ಬೇರೆ, ನೆಲ ಬೇರೆ ಎಂಬುದು ನಿಜ. ಆದರೂ ಅಡಗುತಾಣ, ಬೇಟೆಯ ಜಾಡು, ನೀರಿನ ಗುರುತು ಕಳೆದುಕೊಂಡ ಹಾವು ಹೆಚ್ಚು ಅಲೆದು ಹೆಚ್ಚು ಅಪಾಯಕ್ಕೆ ಸಿಲುಕುತ್ತದೆಂಬ ತತ್ತ್ವ ಎರಡು ಕಡೆಯೂ ಒಂದೇ. ಗದ್ದೆಯ ಇಲಿ ತಿಂದು ಬೆಳೆದ ಮದ್ದೂರಿನ ಕೊಳಕುಮಂಡಲಕ್ಕೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಾಡು ತವರಲ್ಲ. ಅದು ಅಪರಿಚಿತ ಪ್ರದೇಶ.

ವಿಷದ ಹಾವನ್ನು ಮತ್ತೆ ಗದ್ದೆಯ ಬಳಿಯೇ ಬಿಡುವುದು ರೈತನಿಗೆ ಮಾಡುವ ಅನ್ಯಾಯವಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಒಂದು ಅಂದಾಜಿನಂತೆ 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ. ಆದರೆ ಒಂದು ಹಾವನ್ನು ಸಾಗಿಸಿದ ಮಾತ್ರಕ್ಕೆ ಇಲಿಯೂ ಪೊದೆಯೂ ಇಲ್ಲವಾಗುವುದಿಲ್ಲ. ತೆರವಾದ ಜಾಗಕ್ಕೆ ಇನ್ನೊಂದು ಹಾವು ಬಂದೀತು. ಸಿಕ್ಕ ಜಾಗದ ಆಸುಪಾಸಿನಲ್ಲೇ, ಮನೆ ಮತ್ತು ಕಾಲುದಾರಿಯಿಂದ ದೂರದ ಪೊದೆಯಲ್ಲಿ ಬಿಡುವುದು ರೈತ, ಹಾವು ಇಬ್ಬರ ಹಿತವನ್ನೂ ಕಾಯುವ ದಾರಿ. ಜನರ ಜೀವ ಉಳಿಸುವುದು ಗಂಬೂಟು, ಟಾರ್ಚು ಮತ್ತು ತಡಮಾಡದ ಪ್ರತಿವಿಷ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದ್ದು ಸರಿಯಾದ ಹೆಜ್ಜೆ. ಎಲ್ಲ ಹಾವನ್ನೂ ಉಳಿಸಲಾಗದೆಂಬ ಇನ್ನೊಂದು ಆಕ್ಷೇಪವನ್ನು ಒಪ್ಪಲೇಬೇಕು. ಬೆನ್ನುಮೂಳೆ ತುಂಡಾಗಿ ಹರಿದಾಡಲಾರದ ಹಾವಿಗೆ ನೋವಿಲ್ಲದ ಸಾವೇ ದಯೆ. ಆ ತೀರ್ಮಾನ ವೈದ್ಯರದು ಮತ್ತು ಅರಣ್ಯ ಇಲಾಖೆಯದು.

ಸತ್ತ ನಾಗರಹಾವಿಗೆ ಸಂಸ್ಕಾರ ಮಾಡುವ ನಾಡಿನಲ್ಲಿ ಗಾಯಗೊಂಡ ಕೊಳಕುಮಂಡಲಕ್ಕೆ ದೊಣ್ಣೆಯೇ ಗತಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಾದರೋ ಎರಡಕ್ಕೂ ರಕ್ಷಣೆ ಕೊಟ್ಟಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಪಶು ಆಸ್ಪತ್ರೆಗಳಲ್ಲಿ ಒಬ್ಬೊಬ್ಬ ವೈದ್ಯರಿಗಾದರೂ ಉರಗ ಚಿಕಿತ್ಸೆಯ ತರಬೇತಿ, ಬೆಚ್ಚಗಿನ ಒಂದು ಕೋಣೆ, ಹಾವು ಸಿಕ್ಕ ಜಾಗ ಮತ್ತು ಬಿಟ್ಟ ಜಾಗ ದಾಖಲಿಸುವ ಒಂದು ವಹಿ ದೊರೆತರೆ ಈ ಕೆಲಸ ಆರಂಭವಾಗುತ್ತದೆ. ಬಿಟ್ಟ ಜಾಗದ ದಾಖಲೆಯಿಲ್ಲದ ರಕ್ಷಣೆಯನ್ನು ಪುನರ್ವಸತಿಯೆಂದು ಎಣಿಸಲಾಗದು.